ಕುಕ್ಕೆ ಕಟ್ಟಿದ ಹುಳ

ಬಿ.ಜಿ. ಕೆರೆ ದಾಟಿ ಮೊಳಕಾಲ್ಮುರಿನ ಕಡೆ ಹೋಗುವಾಗ ಎಡಕ್ಕೆ ಒಂದು ಮಣ್ಣು ದಾರಿ ಒಡೆಯುತ್ತದೆ. ಆ ದಾರಿಯ ಕೊನೆಯ ಹಟ್ಟಿಯಲ್ಲಿ ಪಾಪಕ್ಕ ಎಂದರೆ ತಬ್ಬಲಿ ಮರಿಗಳ ಪಾಪಕ್ಕ. ಯಾರ ಮಂದೆಯಲ್ಲಿ ಕುರಿ ಈದು ಸತ್ತರೂ, ಅವಳಿ ಹಾಕಿದ ಕುರಿ ಒಂದು ಮರಿಯನ್ನು ಒದ್ದು ದೂರ ಮಾಡಿದರೂ, ಮರಿಯನ್ನು ಕಂಬಳಿಯ ಮಡಿಲಲ್ಲಿ ಕಟ್ಟಿಕೊಂಡು ಅವಳ ಅಂಗಳಕ್ಕೇ ಬರುತ್ತಿದ್ದರು. ಅವಳು ಮೊದಲು ಕಿರುಬೆರಳನ್ನು ಮರಿಯ ಬಾಯೊಳಗೆ ಇಟ್ಟು ನೋಡುತ್ತಿದ್ದಳು. ಬಾಯಿ ಬೆಚ್ಚಗಿದ್ದರೆ ಅವಸರವಿಲ್ಲ, ಬಂದವರಿಗೆ ಟೀ ಕಾಯಿಸಿ ಊರ ಸುದ್ದಿ ಕೇಳಬಹುದು. ತಣ್ಣಗಿದ್ದರೆ ಮಾತೇ ಇಲ್ಲ. ಮರಿ ಕಳೆದುಕೊಂಡ ಕುರಿಯೊಂದನ್ನು ಹುಡುಕಿ ತಂದು, ಅದರ ಹಾಲನ್ನೇ ಕರೆದು ತಬ್ಬಲಿಯ ಬೆನ್ನಿಗೂ ಬಾಲಕ್ಕೂ ಸವರಿ, ಕುರಿಯ ಕಣ್ಣಿಗೆ ಕಂಬಳಿ ಮುಚ್ಚಿ, ಮರಿಯನ್ನು ಕೆಚ್ಚಲಿಗೆ ಹಿಡಿಯುವಳು. ಕುರಿ ತಿರುಗಿ ಮೂಸುತ್ತದೆ, ತನ್ನದೇ ಹಾಲಿನ ವಾಸನೆ. ಒದೆಯಲೋ ಬೇಡವೋ ಎಂದು ಒಂದು ಗಳಿಗೆ ಕಾಲು ಎತ್ತಿ ನಿಲ್ಲುತ್ತದೆ. ಆಮೇಲೆ ಕಾಲು ಇಳಿಸುತ್ತದೆ. ಆ ಕಾಲು ಇಳಿಯುವುದನ್ನು ನೋಡುವುದರಲ್ಲಿ ಪಾಪಕ್ಕನಿಗೆ ಎಷ್ಟು ವರ್ಷವಾದರೂ ಬೇಸರ ಬರಲಿಲ್ಲ.

ಅವಳ ತವರು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿತ್ತು. ಮೊಣಕಾಲುದ್ದ ಬೆಳೆದ ಆ ಹುಲ್ಲು ಅಮೃತಮಹಲ್ ದನಗಳಿಗೆ ಮೀಸಲು. ಹಟ್ಟಿಯ ಕುರಿ ಅದರ ಅಂಚನ್ನೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕಾವಲುಗಾರ ಕೋಲು ಹಿಡಿದು ಬರುತ್ತಿದ್ದ. ಯಾವುದು ಯಾರ ಪಾಲಿನದು, ಯಾರ ಬಾಯಿಗೆ ಯಾವುದು ಸಲ್ಲಬೇಕು ಎಂಬ ಲೆಕ್ಕಾಚಾರ ಅವಳಿಗೆ ಹಾಗೆ ಚಿಕ್ಕಂದಿನಲ್ಲೇ ಮೈಗೂಡಿತ್ತು. ಮದುವೆಯಾಗಿ ಬಂದದ್ದು ಚಿಕ್ಕೀರಪ್ಪನ ಮನೆಗೆ. ಅವನು ಕುರಿ ಕಾಯುವವನು, ಮಾತು ಕಮ್ಮಿ, ಆಡಿದರೆ ಕುಟುಕು. ಹಗಲು ಉಣ್ಣೆ ನೂಲುವುದು, ಸುಗ್ಗಿಯಲ್ಲಿ ಶೇಂಗಾ ಬಿಡಿಸುವುದು, ಚಳ್ಳಕೆರೆಗೆ ಕಂಬಳಿ ಹೊತ್ತುಕೊಂಡು ಹೋಗುವುದು, ಇದರ ನಡುವೆಯೇ ಮಕ್ಕಳು ಮಾರುತೇಶ ಮತ್ತು ಗಂಗಲಕ್ಷ್ಮಿ ಬೆಳೆದರು. ಮಾರುತೇಶ ಅಪ್ಪನ ಮಂದೆಗೇ ಒಗ್ಗಿಕೊಂಡ. ಗಂಗಲಕ್ಷ್ಮಿ ತಳಕಿನ ಹೈಸ್ಕೂಲು, ಚಳ್ಳಕೆರೆಯ ಕಾಲೇಜು ದಾಟಿ ದಾವಣಗೆರೆಗೆ ಹೋಗಿ ಸೂಕ್ಷ್ಮಜೀವಿಗಳ ಪಾಠ ಕಲಿತಳು. ಕೊನೆಗೆ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಹೈಸ್ಕೂಲು ಮೇಷ್ಟ್ರಾಗಿದ್ದ ಕೃಷ್ಣಮೂರ್ತಿಯ ಜೊತೆ ಮದುವೆಯೂ ಆಯಿತು.

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಹಟ್ಟಿಯವರು ಕೇಳಿದರೆ ಪಾಪಕ್ಕ, ಹುಳ ಮೇಯಿಸುತ್ತಾಳೆ ಎನ್ನುತ್ತಿದ್ದಳು. ಅದು ತಮಾಷೆಯ ಮಾತಲ್ಲ, ಅವಳಿಗೆ ಅರ್ಥವಾಗಿದ್ದೇ ಹಾಗೆ. ಎರಡು ಸಾವಿರದ ಎರಡನೇ ಇಸವಿಯ ದೀಪಾವಳಿಗೆ ಮಗಳು ಬಂದಿದ್ದಾಗ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತು ಎಲ್ಲವನ್ನೂ ಬಿಡಿಸಿ ಕೇಳಿಕೊಂಡಿದ್ದಳು.

"ಅವ್ವ, ಎದೆಹಾಲಾಗೆ ಒಂದು ಜಾತಿ ಸಕ್ಕರೆ ಐತೆ. ಅದು ಕೂಸಿಗೆ ಅರಗಲ್ಲ," ಎಂದಿದ್ದಳು ಗಂಗಲಕ್ಷ್ಮಿ.

"ಅರಗದೇ ಇರೋದನ್ನ ಯಾಕೆ ಇಟ್ಟವನೆ ದೇವರು?"

"ಕೂಸಿಗಲ್ಲ. ಕೂಸಿನ ಹೊಟ್ಟೆಯೊಳಗೆ ಒಳ್ಳೆ ಹುಳ ಇರ್ತಾವೆ, ಅವಕ್ಕೆ. ಅದನ್ನ ಮೇದು ಅವು ಬಲಿತಾವೆ. ಕೆಟ್ಟವು ಬಂದ್ರೆ ನಿಲ್ಲಾಕೆ ಜಾಗ ಇರಲ್ಲ."

"ಹಂಗಾದ್ರೆ ಕಾವಲು ಅನ್ನು. ನಮ್ಮ ಉಳ್ಳಾರ್ತಿ ಕಾವಲು," ಎಂದು ಪಾಪಕ್ಕ ತಲೆಯಾಡಿಸಿದಳು.

ಹಸುವಿನ ಹಾಲಿನಲ್ಲಿ ಆ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಹಾಲು ಸಿಗದ ಕೂಸಿಗೆ ಪುಡಿಹಾಲು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಒಳಗಿನ ಮಂದೆಗೆ ಮಾತ್ರ ಮೇವಿಲ್ಲ. ಆದ್ದರಿಂದ ಆ ಸಕ್ಕರೆಯನ್ನು ಬೇರೆ ಕಡೆ ಮಾಡಿಸಲು ಸಾಧ್ಯವೇ ಎಂದು ನೋಡುತ್ತಿದ್ದರು. ಮಾಡುವವರು ಮನುಷ್ಯರಲ್ಲ, ಬ್ಯಾಕ್ಟೀರಿಯಾ. ಅದರ ಮುಂದೆ ಹಸುವಿನ ಹಾಲಿನ ಸಾದಾ ಸಕ್ಕರೆ ಇಡುತ್ತಾರೆ. ಬೇರೊಂದು ಜೀವಿಯ ಗುಣವನ್ನು ಅದರೊಳಗೆ ಸೇರಿಸಿರುತ್ತಾರೆ. ಆ ಗುಣದಿಂದ ಅದು ಸಾದಾ ಸಕ್ಕರೆಗೆ ಇನ್ನೊಂದು ಕೊಂಡಿ ಹಾಕುತ್ತದೆ. ಕೊಂಡಿ ಬಿದ್ದರೆ ತಾಯಿಹಾಲಿನ ಸಕ್ಕರೆ. ಗಂಗಲಕ್ಷ್ಮಿ ಇಷ್ಟು ಹೇಳುವಷ್ಟರಲ್ಲಿ ಪಾಪಕ್ಕನ ಕೈಯ ಶೇಂಗಾ ನಿಂತಿತ್ತು. ಸಕ್ಕರೆಯನ್ನು ಮುಂದೆ ಇಟ್ಟರೆ ಹುಳ ಸುಮ್ಮನೆ ಕೊಂಡಿ ಹಾಕುತ್ತಾ ಕೂರುತ್ತದೆಯೇ, ತಿಂದುಕೊಂಡು ಹೋಗುವುದಿಲ್ಲವೇ ಎಂದು ಕೇಳಿದಳು. ಮೊದಲ ತೊಂದರೆಯೇ ಅದು, ಅದಕ್ಕೇ ಆ ಸಕ್ಕರೆಯನ್ನು ಒಡೆದು ತಿನ್ನುವ ಶಕ್ತಿಯನ್ನು ಹುಳದಿಂದ ತೆಗೆದುಹಾಕಿರುತ್ತೇವೆ, ಹೊಟ್ಟೆಗೆ ಬೇರೆ ಮೇವು ಕೊಡುತ್ತೇವೆ ಎಂದಳು ಮಗಳು.

"ಕುಕ್ಕೆ ಕಟ್ಟೀರಿ ಅನ್ನು."

ಶೇಂಗಾ ಸಾಲಿನ ನಡುವೆ ಎಡೆಕುಂಟೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕಬಾರದೆಂದು ಮೂತಿಗೆ ಹಗ್ಗದ ಬಲೆ ಕಟ್ಟುತ್ತಾರಲ್ಲ, ಆ ಕುಕ್ಕೆ. ಗಂಗಲಕ್ಷ್ಮಿ ನಕ್ಕಳು, ಹೌದು, ಅದೇ ಎಂದಳು. ಚಿಕ್ಕೀರಪ್ಪ ಗೋಡೆಗೊರಗಿ ಬೀಡಿ ಹಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದವನು, ಒಟ್ಟು ಎಷ್ಟು ತಲೆ ಮೇಯಿಸುತ್ತೀಯವ್ವ ಎಂದು ವಿಚಾರಿಸಿದ. ಒಂದು ಹನಿಯಲ್ಲಿ ಕೋಟಿಗಟ್ಟಲೆ ಎಂದಾಗ ಹೊಗೆ ಬಿಟ್ಟು, "ನಾಯಿ ಸಾಕಬೇಕು ಕಣವ್ವ ನೀನು," ಎಂದ.

ಅದಾಗಿ ಎರಡು ವರ್ಷಕ್ಕೆ ಗಂಗಲಕ್ಷ್ಮಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಆಗ ಮನೆಯಲ್ಲಿ ಮಾರುತೇಶನ ಹೆಂಡತಿ ರಾಧಮ್ಮನ ಮಡಿಲಲ್ಲಿ ಗಂಡು ಕೂಸಿತ್ತು. ತಾತನ ಅಪ್ಪನ ಹೆಸರು ಇಟ್ಟು ಬೋರಣ್ಣ ಎಂದು ಕರೆಯುತ್ತಿದ್ದರು. ಆಗಷ್ಟೇ ಕೂರಲು ಕಲಿತು, ಕೂತಲ್ಲೇ ಪಕ್ಕಕ್ಕೆ ಉರುಳುತ್ತಿದ್ದ. ರಾಧಮ್ಮ ರಾಯದುರ್ಗದ ಕಡೆಯವಳು. ಅತ್ತೆಯ ಜೊತೆ ಕನ್ನಡ, ಮಗುವಿನ ಜೊತೆ ತೆಲುಗು. ಅವಳ ಎದೆಯಲ್ಲಿ ಬೋರಣ್ಣ ಕುಡಿದು ಮಲಗಿದ ಮೇಲೂ ರವಿಕೆ ಒದ್ದೆಯಾಗುವಷ್ಟು ಹಾಲು.

ಗಂಗಲಕ್ಷ್ಮಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ಮೊಳಕಾಲ್ಮುರಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕೈಯಗಲದ ಕೂಸು. ಪಾಪಕ್ಕ ಅದನ್ನು ಮೊದಲ ಸಲ ಎತ್ತಿಕೊಂಡವಳೇ, ಅಲ್ಲಿದ್ದ ದಾದಿಯರೆಲ್ಲ ಕೇಳುವ ಹಾಗೆ, ನನ್ನ ಬೋರಣ್ಣನ ಹೆಂಡತಿ ಬಂದಳು ಎಂದಳು. ಹಾಸಿಗೆಯ ಮೇಲಿದ್ದ ಗಂಗಲಕ್ಷ್ಮಿ ಕಣ್ಣು ಮುಚ್ಚಿಯೇ ಇದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಸೋದರತ್ತೆಯ ಮಗಳನ್ನು ತರುವುದು ಆ ಕಡೆ ಹೊಸ ಮಾತೇನಲ್ಲ. ಆದರೆ ಪಾಪಕ್ಕನಿಗೆ ಅದು ಬರೀ ಸಂಪ್ರದಾಯದ ಮಾತಾಗಿರಲಿಲ್ಲ. ಮಗಳು ಓದಿದಳು, ದೂರ ಹೋದಳು, ದೂರದಲ್ಲೇ ಉಳಿದಳು. ಅದರ ಬಗ್ಗೆ ಅವಳಿಗೆ ಹೆಮ್ಮೆಯೇ. ಆದರೂ ಮಗಳ ಮಗಳು ಈ ಮನೆಗೆ ಸೊಸೆಯಾಗಿ ಬಂದರೆ, ಆ ಎಳೆ ಹಿಡಿದುಕೊಂಡು ಮಗಳೂ ಬಂದು ಹೋಗಿ ಮಾಡುತ್ತಾಳೆ ಎಂಬ ಆಸೆಯೊಂದು ಬೋರಣ್ಣ ಹುಟ್ಟಿದಂದಿನಿಂದ ಒಳಗೇ ಕೂತಿತ್ತು. ಆ ಮದುವೆಗೆಂದೇ ಅಂಚಿಗೆ ಕೆಂಪು ಎಳೆ ಕೊಡಿಸಿ ನೇಯಿಸಿದ ಒಂದು ಕರಿಕಂಬಳಿಯನ್ನು ಬೇವಿನ ಸೊಪ್ಪು ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು.

ಕೂಸನ್ನು ಮನೆಗೆ ಕರೆತಂದರು. ಗಂಗಲಕ್ಷ್ಮಿಗೆ ಹಾಲು ಇನ್ನೂ ಇಳಿದಿರಲಿಲ್ಲ. ಬೆಳ್ಳುಳ್ಳಿ ಹುರಿದು ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬಿಸಿ ಮುದ್ದೆ, ಎಲ್ಲ ನಡೆದಿತ್ತು. ಹಿಂಡಿದರೆ ಕೂಸಿಗೆ ಹಾಲು ಕುಡಿಸುವ ಒಳಲೆಯ ತಳ ಒದ್ದೆಯಾಗುವಷ್ಟೇ. ಒಳಲೆಯ ಕೊಕ್ಕಿನಿಂದ ಅದನ್ನು ತುಟಿಗೆ ಬಿಟ್ಟರೆ ಕೂಸು ಒಂದೆರಡು ಹನಿ ನುಂಗಿ ಮತ್ತೆ ನಿದ್ದೆಗೆ ಜಾರುತ್ತಿತ್ತು. ಎದೆಗೆ ಹಿಡಿದರೆ ಎಳೆಯಲು ಶಕ್ತಿ ಇಲ್ಲ. ಕೂಸು ಎಳೆಯದಿದ್ದರೆ ಹಾಲು ಇಳಿಯುವುದಿಲ್ಲ, ಹಾಲಿಲ್ಲದಿದ್ದರೆ ಕೂಸಿಗೆ ಎಳೆಯುವ ಕಸುವಿಲ್ಲ. ಆಸ್ಪತ್ರೆಯಲ್ಲಿ, ತಾಯಿಯದು ಸಾಲದಿದ್ದರೆ ಮನೆಯಲ್ಲೇ ಇರುವ ಆರೋಗ್ಯವಂತ ತಾಯಿಯ ಹಾಲು ಕೊಡಿ, ಕೂಸು ಮಂಕಾದರೆ ತಡಮಾಡದೆ ಕರೆತನ್ನಿ ಎಂದು ಹೇಳಿ ಕಳಿಸಿದ್ದರು.

ಮರುದಿನ ಬೆಳಿಗ್ಗೆ ಬಾಣಂತಿ ನೀರು ಹಾಕಿಸಿಕೊಂಡು ಸಾಂಬ್ರಾಣಿ ಹೊಗೆಯಲ್ಲಿ ಮಲಗಿದ್ದಾಗ ರಾಧಮ್ಮ ಸೆರಗು ಸರಿಮಾಡಿಕೊಂಡು ತೊಟ್ಟಿಲ ಹತ್ತಿರ ಬಂದಳು. ಕೂಸನ್ನು ಎತ್ತಿಕೊಳ್ಳಲು ಬಾಗಿದವಳ ಕೈಯನ್ನು ಪಾಪಕ್ಕ ಹಿಡಿದಳು.

"ಸ್ವಲ್ಪ ತಾಳು. ಸಂಜೆ ಬಸ್ಸಿಗೆ ಅಳಿಯ ಬರ್ತಾನೆ."

ಅವಳ ತಡೆಗೆ ಕಾರಣ ರಾಧಮ್ಮನಿಗೆ ಗೊತ್ತಿತ್ತು. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರು, ಅವರ ನಡುವೆ ಕೊಟ್ಟು ತರುವ ಮಾತಿಲ್ಲ ಎಂಬುದು ಆ ಹಟ್ಟಿಯ ಕಟ್ಟಳೆ. ಕೊಟ್ಟರೆ ಕದ್ದುಮುಚ್ಚಿ ಕೊಡುವಂತೆಯೂ ಇಲ್ಲ. ಮನೆಯ ಹಿರಿಯಳು ತಾನೇ ಕೂಸನ್ನು ಮಡಿಲಿಗಿಟ್ಟು, ಇನ್ನೊಬ್ಬ ಹೆಂಗಸಿನ ಎದುರು, ಇವರು ಇವತ್ತಿನಿಂದ ಅಣ್ಣ ತಂಗಿ ಎಂದು ಬಾಯಿಬಿಟ್ಟು ಹೇಳಬೇಕು. ರಾಧಮ್ಮ ಒಳಗೆ ಹೋಗಿ ಬೋರಣ್ಣನನ್ನು ಎತ್ತಿಕೊಂಡಳು.

ಪಾಪಕ್ಕನ ಮನಸ್ಸಿನಲ್ಲಿದ್ದ ಉಪಾಯವೇ ಬೇರೆ. ಹಿಂದಿನ ದಿನವೇ ಯಾರಿಗೂ ಹೇಳದೆ ಚಿಕ್ಕೀರಪ್ಪನನ್ನು ಬಿ.ಜಿ. ಕೆರೆಯ ಎಸ್‌ಟಿಡಿ ಅಂಗಡಿಗೆ ಕಳಿಸಿ, ಹೊರಡಲು ಸಿದ್ಧನಾಗಿದ್ದ ಕೃಷ್ಣಮೂರ್ತಿಗೆ ಫೋನು ಮಾಡಿಸಿದ್ದಳು. ಗಂಗಿಯ ಲ್ಯಾಬಿಗೆ ಹೋಗಿ ಆ ಹುಳ ಮಾಡಿದ ತಾಯಿಹಾಲಿನ ಸಕ್ಕರೆ ಒಂದು ಡಬ್ಬಿ ಇಸಿದುಕೊಂಡು ಬಾ ಎಂದು. ಅದು ಬಂದರೆ ಕೂಸಿಗೂ ಹಾಲಾಯಿತು, ಬೋರಣ್ಣನ ಹೆಂಡತಿ ಬೋರಣ್ಣನ ಹೆಂಡತಿಯಾಗಿಯೇ ಉಳಿದಳು. ಚಿಕ್ಕೀರಪ್ಪ ಬಂದು, ಅಳಿಯ ಆ ಕಡೆಯಿಂದ ಏನೇನೋ ಹೇಳುತ್ತಿದ್ದ, ಲೈನು ಕಡಿದುಹೋಯಿತು ಎಂದ. ಪಾಪಕ್ಕ ಅದನ್ನು ಒಪ್ಪಿಗೆ ಎಂದೇ ತಿಳಿದಳು.

ಮಧ್ಯಾಹ್ನಕ್ಕೆ ಗಂಗಲಕ್ಷ್ಮಿ ಎಚ್ಚರಗೊಂಡು, ಅತ್ತಿಗೆ ಹಾಲು ಕೊಟ್ಟರಾ ಎಂದು ಕೇಳಿದಳು. ಪಾಪಕ್ಕ ಸಕ್ಕರೆ ಬರುತ್ತಿರುವ ಸುದ್ದಿ ಹೇಳಿದಳು. ಗಂಗಲಕ್ಷ್ಮಿ ಕೈಯೂರಿ ಎದ್ದು ಕೂತಳು. ಮುಖದಲ್ಲಿ ಸಿಟ್ಟು ಬಂದು, ಅವ್ವನ ಕಣ್ಣು ನೋಡಿದ ಮೇಲೆ ಇಳಿದುಹೋಯಿತು.

"ಅವ್ವ, ಅಲ್ಲಿರೋದು ಒಂದು ಸಣ್ಣ ಶೀಸೆಯ ತಳದಾಗೆ ಚಿಟಿಕೆಯಷ್ಟು. ಅದನ್ನ ಯಾವ ಕೂಸಿನ ಬಾಯಿಗೂ ಇಟ್ಟಿಲ್ಲ, ಇಡಂಗೂ ಇಲ್ಲ. ಇನ್ನೂ ಎಷ್ಟು ವರ್ಷ ನೋಡಬೇಕೋ."

"ಮತ್ತೆ ತಾಯಿಹಾಲಿನ ಸಕ್ಕರೆ ಅಂದಿಯಲ್ಲ?"

"ಸಕ್ಕರೆ ಕಣವ್ವ, ಹಾಲಲ್ಲ. ಕಾವಲಿನ ಹುಲ್ಲು ಅಂದಿಯಲ್ಲ ನೀನೇ, ಅದಷ್ಟೇ. ಕೂಸಿನ ಹೊಟ್ಟೆಗೆ ಹಾಲು ಬೇಕು."

 ಪಾಪಕ್ಕ, ನಾಳೆ ಆ ಸಕ್ಕರೆ ಡಬ್ಬಿಯಲ್ಲಿ ಬಂದಿತೆಂದೇ ಇಟ್ಟುಕೊ, ಊರೂರಿನ ಕೂಸುಗಳೆಲ್ಲ ಕುಡಿದರೆ ಅವೆಲ್ಲ ಯಾರ ಮಕ್ಕಳಾದಂತೆ ಎಂದು ಕೇಳಿದಳು. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಬಾಗಿಲಲ್ಲಿ ನಿಂತಿದ್ದ ರಾಧಮ್ಮ ಬಾಯಿಗೆ ಸೆರಗು ಹಿಡಿದಳು. ಗಂಗಲಕ್ಷ್ಮಿಗೂ ಆ ಸುಸ್ತಿನಲ್ಲಿ ನಗು ಬಂತು.

"ಎಲ್ಲಾ ಅಣ್ಣ ತಂಗಿ ಆಗ್ತಾರೆ. ಯಾರಿಗೂ ಮದುವೆ ಇಲ್ಲ, ಬಿಡು."

ನಕ್ಕಳು ನಿಜ, ಆದರೆ ನಗುತ್ತಲೇ ಕೂಸಿನ ಕಡೆ ನೋಡಿದಳು, ನೋಡಿ ನಗು ನಿಲ್ಲಿಸಿದಳು. ಕೂಸು ತೊಟ್ಟಿಲಲ್ಲಿ ಒಂದು ಸದ್ದು ಮಾಡಿತ್ತು. ಅಳುವಲ್ಲ, ಅಳುವಿಗೂ ತ್ರಾಣವಿಲ್ಲದ ಒಂದು ಎಳೆ ಸದ್ದು. ಆ ಸದ್ದು ಪಾಪಕ್ಕನಿಗೆ ಗೊತ್ತಿತ್ತು. ಎಷ್ಟೋ ಜನ ಕಂಬಳಿಯ ಮಡಿಲಲ್ಲಿ ಕಟ್ಟಿಕೊಂಡು ತಂದ ಸದ್ದು ಅದು. ಅವಳು ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಕಿರುಬೆರಳನ್ನು ಮೊಮ್ಮಗಳ ಬಾಯೊಳಗೆ ಇಟ್ಟಳು.

ಬಾಯಿ ತಣ್ಣಗಿತ್ತು.

ಬೆರಳು ಹಾಗೇ ಇಟ್ಟುಕೊಂಡು ಅವಳು ನಿಂತಳು. ಮನೆಯ ಒಳಗೇ ಹಾಲು ಸೋರಿ ರವಿಕೆ ಒದ್ದೆಯಾಗುತ್ತಿದೆ. ಕೂಸು ಅದರ ನಡುವೆ ಹಸಿದು ಮಲಗಿದೆ. ಹಸಿರು ಶೇಂಗಾ ಸಾಲಿನ ನಡುವೆ ನಡೆದರೂ ಒಂದು ಎಲೆಗೆ ನಾಲಿಗೆ ಚಾಚಲಾಗದ ಎತ್ತು ಅವಳ ಕಣ್ಣಿಗೆ ಬಂತು. ಅದಕ್ಕಾದರೂ ಹೊಲ ದಾಟಿದ ಮೇಲೆ ಕುಕ್ಕೆ ಬಿಚ್ಚುತ್ತಾರೆ. ಮಗಳು ಕೂಡ ಹುಳಕ್ಕೆ ಕುಕ್ಕೆ ಕಟ್ಟಿ, ಹಸಿದು ಸಾಯಬಾರದೆಂದು ಬೇರೆ ಮೇವು ಇಡುತ್ತಾಳಂತೆ. ತಾನು ಇಟ್ಟದ್ದೇನು? ಸಂಜೆಯ ಬಸ್ಸು.

"ರಾಧಮ್ಮ, ಬಾರವ್ವ. ಜುಂಜಮ್ಮನ್ನೂ ಕೂಗು," ಎಂದಳು.

ಪಕ್ಕದ ಮನೆಯ ಮುದುಕಿ ಜುಂಜಮ್ಮ ಕೋಲೂರಿಕೊಂಡು ಬಂದು ಹೊಸ್ತಿಲ ಒಳಗೆ ಕೂತಳು. ವಿಷಯ ತಿಳಿದು, ಪೆಟ್ಟಿಗೆಯ ಕಂಬಳಿ ಏನು ಮಾಡುತ್ತೀಯೇ ಪಾಪಿ ಎಂದು ಕೆಣಕಿದಳು.  ರಾಧಮ್ಮ ಗೋಡೆಗೊರಗಿ ಕೂತು, ಆಮೇಲೆ ನನ್ನ ಮೇಲೆ ಮಾತು ಬರಬಾರದು ಅತ್ತೆ ಎಂದು ಮೆಲ್ಲಗೆ ಹೇಳಿದಳು.

"ನಿನ್ನ ಮೇಲೆ ಯಾಕೆ ಬರ್ತೈತೆ. ಕುಕ್ಕೆ ಕಟ್ಟಿದವಳು ನಾನು, ಬಿಚ್ಚೋಳೂ ನಾನೇ."

ಬೋರಣ್ಣನನ್ನು ತಂದು ಪಕ್ಕದಲ್ಲಿ ಕೂರಿಸಿದಳು. ಕೂಸನ್ನು ಎತ್ತಿ ರಾಧಮ್ಮನ ಮಡಿಲಿಗಿಟ್ಟು, ಬೋರಣ್ಣನ ದಪ್ಪ ಅಂಗೈಯನ್ನು ಹಿಡಿದು ಕೂಸಿನ ನೆತ್ತಿಯ ಮೇಲೆ ಇಟ್ಟಳು. ಒಂದು ಸಲ ಪೆಟ್ಟಿಗೆಯ ಕಡೆ ನೋಡಿದಳು. ಆ ಗಳಿಗೆಯಲ್ಲಿ ಗಂಗಲಕ್ಷ್ಮಿ ಅವ್ವನ ಮುಖವನ್ನೇ ನೋಡುತ್ತಿದ್ದಳು.

"ಜುಂಜಕ್ಕ, ಕೇಳಿಸ್ಕೋ. ಇವತ್ತಿನಿಂದ ಇವರಿಬ್ರೂ ಅಣ್ಣ ತಂಗಿ. ನನ್ನ ಬಾಯಿಂದ ಹೇಳಿದೀನಿ."

ಕೂಸಿಗೆ ಮೊದಲು ಹಿಡಿಯಲು ಬರಲಿಲ್ಲ. ರಾಧಮ್ಮ ತಾನೇ ಹಿಂಡಿ ಹನಿಯನ್ನು ತುಟಿಗೆ ಬಿಟ್ಟಳು. "ತಾಗು ತಲ್ಲಿ, ತಾಗು," ಎಂದು ಕುಡಿಯಲು ತನ್ನ ತವರಿನ ತೆಲುಗಿನಲ್ಲಿ ಪುಸಲಾಯಿಸಿದಳು. ಬಹಳ ಹೊತ್ತಿನ ಮೇಲೆ ಕೂಸಿನ ಕೆನ್ನೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. ಗಂಟಲಲ್ಲಿ ಗುಟುಕ್ ಎಂದಿತು. ಬೋರಣ್ಣ ತನ್ನ ಪಾಲಿನದನ್ನು ಬೇರೆ ಯಾರೋ ಕುಡಿಯುವುದನ್ನು ನೋಡಿ ತುಟಿ ಸೊಟ್ಟ ಮಾಡಿದ, ಅಳಲೋ ಬೇಡವೋ ಎಂದು ಯೋಚಿಸಿದ, ಕೊನೆಗೆ ಕೂತಲ್ಲೇ ಪಕ್ಕಕ್ಕೆ ಉರುಳಿದ. ಮನೆಯವರೆಲ್ಲ ನಕ್ಕರು. ಪಾಪಕ್ಕ ಕಣ್ಣೊರೆಸಿಕೊಂಡು, ಹೊಗೆ ಜಾಸ್ತಿಯಾಯಿತು ಎಂದು ಸಾಂಬ್ರಾಣಿಯ ಬುಟ್ಟಿಯನ್ನು ಹೊರಗೆ ಇಟ್ಟಳು.

ಸಂಜೆ ಕೃಷ್ಣಮೂರ್ತಿ ಬಂದಾಗ ಅವನ ಚೀಲದಲ್ಲಿ ಉಲ್ಲನ್ ಟೋಪಿ, ಪುಡಿಹಾಲಿನ ಒಂದು ಡಬ್ಬಿ, ಮೈಸೂರುಪಾಕು ಇದ್ದವು. ಲ್ಯಾಬಿನವರನ್ನು ನಿಜವಾಗಿ ಹೋಗಿ ಕೇಳಿದ್ದನಂತೆ. ಅವರು ಮೊದಲು ಗಾಬರಿಯಾಗಿ, ಆಮೇಲೆ ಕೂಸು ಹೇಗಿದೆ ಎಂದು ವಿಚಾರಿಸಿ ಕಳಿಸಿದರಂತೆ. ಬರುವಷ್ಟರಲ್ಲಿ ಕೂಸು ಹೊಟ್ಟೆ ತುಂಬಿ ಮಲಗಿತ್ತು. ಚಿಕ್ಕೀರಪ್ಪ ಅಳಿಯನಿಗೆ, ನಿನ್ನ ಮಗಳಿಗೆ ಗಂಡು ಹುಡುಕುವ ಕೆಲಸ ಮತ್ತೆ ನಿನ್ನ ತಲೆಗೇ ಬಂತಪ್ಪ ಎಂದು ಹೇಳಿ ಬೀಡಿ ಹಚ್ಚಿಕೊಂಡ. ಅವರೆಲ್ಲ ಮೈಸೂರುಪಾಕು ತಿನ್ನುತ್ತಿದ್ದಾಗ ಗಂಗಲಕ್ಷ್ಮಿ ಅವ್ವನ ಕೈ ಹಿಡಿದು, ಆಸ್ಪತ್ರೆಯಲ್ಲಿ ನೀನು ಆಡಿದ ಮಾತು ಕೇಳಿಸಿತ್ತು, ಹುಟ್ಟಿದ ದಿನವೇ ಮದುವೆ ಮಾತು ಬೇಡ ಎನ್ನಬೇಕೆಂದಿದ್ದೆ, ನಿನಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ ಎಂದಳು. ಪಾಪಕ್ಕ ಮಗಳ ಕೈಯನ್ನು ತನ್ನ ಕೈಯಿಂದ ಮುಚ್ಚಿ, ಸಾರು ಆರುತ್ತಿದೆ, ಕುಡಿ ಎಂದಳು.

ಅಂದಿನಿಂದ ಪಾಪಕ್ಕ ಮರಿಗಳನ್ನು ಕೆಚ್ಚಲಿಗೆ ಹಿಡಿಯುತ್ತಿದ್ದ ಹಾಗೆಯೇ ಮೊಮ್ಮಗಳನ್ನೂ ತಾನೇ ಹಿಡಿದು ಕುಡಿಸಿದಳು. ಪ್ರತಿ ಸಲ ಕೂಸನ್ನು ಮೊದಲು ಹೆತ್ತವಳ ಎದೆಗೆ ಹಿಡಿಸುವುದು, ಎಳೆಯುವಷ್ಟು ಎಳೆಯಲಿ, ಆಮೇಲೆ ರಾಧಮ್ಮನ ಮಡಿಲು. ರಾಧಮ್ಮನ ಹಾಲಿನಿಂದ ಕೂಸಿಗೆ ಕಸುವು ಬಂತು, ಕೂಸಿನ ಕಸುವಿಗೆ ಗಂಗಲಕ್ಷ್ಮಿಯ ಹಾಲು ಇಳಿಯಿತು. ಒಂದು ಬೆಳಿಗ್ಗೆ ಗಂಗಲಕ್ಷ್ಮಿ ಒದ್ದೆಯಾದ ರವಿಕೆಯನ್ನು ಅವ್ವನಿಗೆ ತೋರಿಸುತ್ತಾ ಚಿಕ್ಕ ಹುಡುಗಿಯ ಹಾಗೆ ನಿಂತಿದ್ದಳು. ಮುತ್ತಜ್ಜಿಯ ಹೆಸರು ಇಟ್ಟು ಕೂಸನ್ನು ಗೀತಮ್ಮ ಎಂದು ಕರೆದರು.

ಮದುವೆಗೆಂದು ಇಟ್ಟ ಕಂಬಳಿಯನ್ನು ಪಾಪಕ್ಕ ತೊಟ್ಟಿಲಿಗೆ ಹಾಸಿದಳು. ಬಾಣಂತನ ಮುಗಿಸಿ ಮೈಸೂರಿಗೆ ಹೊರಟಾಗ ಅದನ್ನೇ ಕೂಸಿಗೆ ಸುತ್ತಿ ಕಳಿಸಿದಳು. ಮೊದಲ ವರ್ಷ ಅವಳಿಗೆ ಒಳಗೆ ಸ್ವಲ್ಪ ಖಾಲಿ ಎನಿಸುತ್ತಿತ್ತು. ಆಮೇಲೆ ಪಂಚಮಿ ಹಬ್ಬ ಬಂತು. ಅಣ್ಣ ಇರುವ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರಲೇಬೇಕು. ಗೀತಮ್ಮನಿಗೆ ಅಣ್ಣ ಇರುವುದು ಈ ಮನೆಯಲ್ಲಿ. ಹಾಗಾಗಿ ಅವಳನ್ನು ಎತ್ತಿಕೊಂಡು ಗಂಗಲಕ್ಷ್ಮಿ ಬಂದಳು. ಅದರ ಮುಂದಿನ ವರ್ಷವೂ ಬಂದಳು. ಸೊಸೆಯಾಗಿದ್ದರೆ ಹಬ್ಬಕ್ಕೆ ಇಲ್ಲಿಂದ ಹೊರಟು ಹೋಗುತ್ತಿದ್ದವಳು ತಂಗಿಯಾದ್ದರಿಂದ ಹಬ್ಬಕ್ಕೆ ಇಲ್ಲಿಗೇ ಬರುತ್ತಾಳಲ್ಲ ಎಂದು ಪಾಪಕ್ಕನಿಗೆ ಹೊಳೆದದ್ದು ಮೂರನೆಯ ಪಂಚಮಿಗೆ. ಜುಂಜಮ್ಮನಿಗೆ ಅದನ್ನು ಹೇಳಲು ಆಗಲೇ ಎದ್ದು ಹೋದಳು.

ಎರಡು ಸಾವಿರದ ಎಂಟರ ಪಂಚಮಿ. ಅಂಗಳದಲ್ಲಿ ಬೋರಣ್ಣ ಅಂಗಿ ಬಿಚ್ಚಿ ಬೆನ್ನು ಬಗ್ಗಿಸಿ ಕೂತಿದ್ದ. ಗೀತಮ್ಮ ಹೊಸ ಲಂಗ ಹಾಕಿಕೊಂಡು, ಕೈಯಲ್ಲಿ ಹಾಲಿನ ಬಟ್ಟಲು ಹಿಡಿದು ಅವನ ಹಿಂದೆ ನಿಂತಿದ್ದಳು. ಅಣ್ಣನ ಬೆನ್ನಿಗೆ ಹೂವಿನಿಂದ ಸ್ವಲ್ಪ ಹಾಲು ಸವರಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಅವಳು ಹೂವನ್ನು ಬದಿಗಿಟ್ಟು ಬಟ್ಟಲನ್ನೇ ಕವಿಚಿದಳು. ಬೋರಣ್ಣ ಚಳಿಗೆ ಕೂಗಿಕೊಂಡು ಓಡಿದ, ಇವಳು ಖಾಲಿ ಬಟ್ಟಲು ಹಿಡಿದು ಹಿಂದೆ ಓಡಿದಳು, ಕುರಿನಾಯಿ ಇಬ್ಬರ ಹಿಂದೆ ಓಡಿತು.

ಜಗಲಿಯ ಮೇಲೆ ಮಗಳ ಪಕ್ಕ ಕೂತು ಶೇಂಗಾ ಒಡೆಯುತ್ತಿದ್ದ ಪಾಪಕ್ಕ, ನಿನ್ನ ಹುಳ ಏನಂತಾವೆ ಎಂದು ವಿಚಾರಿಸಿದಳು. ಶೀಸೆ ಹೋಗಿ ಜಾಡಿ ಬಂದಿದೆ, ಕೂಸುಗಳ ಬಾಯಿಗೆ ಇಡುವ ದಿನ ಇನ್ನೂ ಬಂದಿಲ್ಲ ಎಂದಳು ಗಂಗಲಕ್ಷ್ಮಿ.

"ಬರ್ಲಿ ನಿಧಾನಕ್ಕೆ," ಎಂದಳು ಪಾಪಕ್ಕ. "ಕುಕ್ಕೆ ಮಾತ್ರ ಬಿಗಿಯಾಗಿ ಕಟ್ಟಬೇಡ್ರಿ."

ಅಷ್ಟರಲ್ಲಿ ಬೇಲಿಯಾಚೆ ಯಾರೋ ಪಾಪಕ್ಕ ಎಂದು ಕೂಗಿದರು. ಕಂಬಳಿಯ ಮಡಿಲಲ್ಲಿ ಏನೋ ಮಿಸುಕುತ್ತಿತ್ತು. ಅವಳು ಶೇಂಗಾ ಸಿಪ್ಪೆ ಕೊಡವಿಕೊಂಡು, ಕೈ ತೊಳೆಯಲು ಎದ್ದಳು.